ಅಚ್ಚಿನ ಮಾತು, ಅಂಗಡಿಯ ಮಾಲು

ಹಳೆಯ ವೃತ್ತಪತ್ರಿಕೆಗಳನ್ನು ಚರಿತ್ರೆಯ ವಿದ್ಯಾರ್ಥಿ ಓದುವ ಕ್ರಮ ಒಂದುಂಟು. ಮೊದಲು ಅಗ್ರಲೇಖನ, ಆಮೇಲೆ ಸಭೆ ಸಮ್ಮೇಳನಗಳ ವರದಿ, ಆಮೇಲೆ ಸರ್ಕಾರದ ಆಜ್ಞೆಗಳು, ಮಳೆ ಬೆಳೆ, ಪೇಟೆಯ ಧಾರಣೆ, ವಾಚಕರ ಪತ್ರಗಳು. ಇವುಗಳ ನಡುವೆ ಮೂಲೆಮೂಲೆಗಳಲ್ಲಿ ನಿಂತು ಕೂಗುತ್ತಿರುವ ಕೇಶತೈಲ, ದಂತಚೂರ್ಣ, ಸಾಬೂನು, ಕೈಗಡಿಯಾರ, ತಲೆನೋವಿನ ಮುಲಾಮುಗಳ ಕಡೆಗೆ ಅವನ ಕಣ್ಣು ಹೊರಳುವುದಿಲ್ಲ. ಹೊರಳಿದರೂ ಒಂದು ನಗೆ ನಕ್ಕು ಪುಟ ಮಗುಚುತ್ತಾನೆ. ಈ ಹೊತ್ತು ನಾನು ಆ ಕ್ರಮವನ್ನು ತಿರುವುಮುರುವು ಮಾಡಿ, ಸುದ್ದಿಯನ್ನು ಬಿಟ್ಟು ಜಾಹೀರಾತನ್ನೇ ಓದಬೇಕೆಂದಿದ್ದೇನೆ. ಓದುವ ಸ್ಥಳವನ್ನೂ ಗೊತ್ತುಮಾಡಿಕೊಂಡಿದ್ದೇನೆ. ಬೆಂಗಳೂರಲ್ಲ, ಮುಂಬಯಿಯಲ್ಲ, ಕೃಷ್ಣಾ ನದಿಯ ದಂಡೆಯ ಮೇಲಿನ ನಾರಾಯಣಪುರ.

ಇಂದು ನಾರಾಯಣಪುರವೆಂದರೆ ಎಲ್ಲರ ಕಣ್ಣಿಗೆ ಕಟ್ಟುವುದು 1982ರಲ್ಲಿ ಪೂರ್ಣಗೊಂಡ ಅಣೆಕಟ್ಟು, ಬಸವಸಾಗರ. ಕೃಷ್ಣೆಯಲ್ಲಿ ಮಿಂದು ಛಾಯಾಭಗವತಿಯ ದರ್ಶನ ಮಾಡಿಬಂದವರಿಗೆ ಊರಿನ ಇನ್ನೊಂದು ಮುಖವೂ ಗೊತ್ತು. ಆದರೆ ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ಭಾಗದಲ್ಲಿ ಈ ಊರಿನ ಮುಖ್ಯ ಲಕ್ಷಣ ಬೇರೆಯಾಗಿತ್ತು: ಅದು ಗಡಿಯ ಊರು. ಸುರಪುರದ ನಾಯಕರ ಆಳ್ವಿಕೆ 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ದುರಂತದೊಡನೆ ಮುಗಿಯಿತು. 1860ರ ಒಪ್ಪಂದದಂತೆ ಇಂಗ್ಲಿಷರು ಸುರಪುರದ ಸೀಮೆಯನ್ನು ಹೈದರಾಬಾದಿನ ನಿಜಾಮರಿಗೆ ಒಪ್ಪಿಸಿದರು. ಅಂದಿನಿಂದ ನಾರಾಯಣಪುರದ ಜನ ನಿಜಾಮರ ಪ್ರಜೆಗಳು. ಪಕ್ಕದ ಮುದ್ದೇಬಿಹಾಳದವರು ಮುಂಬಯಿ ಇಲಾಖೆಯ ಪ್ರಜೆಗಳು. ಮಾತು ಒಂದೇ, ಬೀಗತನ ಒಂದೇ, ಜಾತ್ರೆ ಒಂದೇ. ಆದರೆ ರೂಪಾಯಿ ಬೇರೆ, ಕಚೇರಿಯ ಭಾಷೆ ಬೇರೆ, ಸುಂಕದ ಕಟ್ಟೆ ಬೇರೆ. ಪರಸ್ಥಳದ ಸರಕು ಒಂದು ಹಳ್ಳಿಯನ್ನು ಹೇಗೆ ಮುಟ್ಟಿತೆಂಬುದನ್ನು ಕಾಣಲು ಇಂಥ ಗಡಿಯ ಊರಿಗಿಂತ ಒಳ್ಳೆಯ ಜಾಗ ದೊರೆಯದು.

ಜಾಹೀರಾತು ಎಂಬ ಮಾತೇ ನಮಗೆ ಗಡಿ ದಾಟಿ ಬಂದದ್ದು. ಅರಬ್ಬಿಯ ಜಾಹಿರ್ ಎಂದರೆ ಬಯಲಾದದ್ದು, ಎಲ್ಲರಿಗೂ ಕಾಣುವಂಥದ್ದು. ಅದು ಮರಾಠಿಯಲ್ಲಿ ಜಾಹಿರಾತ್ ಆಗಿ, ಉತ್ತರ ಕರ್ನಾಟಕದ ಪತ್ರಿಕೆಗಳ ಮೂಲಕ ಕನ್ನಡಕ್ಕೆ ಇಳಿಯಿತು. ಹೈದರಾಬಾದಿನ ಉರ್ದು ಪತ್ರಿಕೆಗಳಲ್ಲಿ ಅದೇ ವಸ್ತುವಿನ ಹೆಸರು ಇಶ್ತಿಹಾರ್. ಈ ಇಶ್ತಿಹಾರ್ ಎಂಬ ಮಾತಿಗೆ ನಿಜಾಮರ ಸೀಮೆಯ ಹಳ್ಳಿಗನಿಗೆ ಹೊಳೆಯುತ್ತಿದ್ದ ಮೊದಲ ಅರ್ಥ ಕಚೇರಿಯ ಗೋಡೆಗೆ ಅಂಟಿಸಿದ ನೋಟೀಸು: ಯಾರದೋ ಹೊಲದ ಹರಾಜು, ಯಾರದೋ ಮೇಲಿನ ಬಾಕಿ. ಅಚ್ಚಾದ ಕಾಗದವೆಂದರೆ ಹೆದರಿಕೆ ಹುಟ್ಟಿಸುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಅಚ್ಚಾದ ಕಾಗದವೊಂದು ಬಂದು, ನಿಮ್ಮ ಹಲ್ಲು ನೋಯುತ್ತದೆಯೆ, ನಿಮ್ಮ ಕೂದಲು ಉದುರುತ್ತದೆಯೆ ಎಂದು ಕೇಳಿದರೆ ಆ ಹಳ್ಳಿಗನಿಗೆ ಹೇಗೆ ಅನ್ನಿಸಿರಬೇಕು! ಯಾವ ಅಧಿಕಾರಿಯೂ ಕೇಳದ ಕುಶಲವನ್ನು ಅದು ಕೇಳುತ್ತಿತ್ತು.

ಕಾಗದ ಊರಿಗೆ ಬರುವುದಕ್ಕೆ ದಾರಿ ಬೇಕಷ್ಟೆ. ಮುಂಬಯಿ ಮತ್ತು ಮದರಾಸುಗಳನ್ನು ಕೂಡಿಸುವ ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಒಂದಾಯಿತು. ವಾಡಿ, ಯಾದಗಿರಿಗಳು ಆ ದಾರಿಯ ನಿಲ್ದಾಣಗಳಾದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಹೀಗೆ ಯಾದಗಿರಿಯ ನಿಲ್ದಾಣ ಮುಂಬಯಿ, ಮದರಾಸು, ಹೈದರಾಬಾದು ಮೂರಕ್ಕೂ ಬಾಗಿಲಾಯಿತು. ಅಲ್ಲಿಂದ ಶಹಾಪುರ, ಸುರಪುರಗಳನ್ನು ಹಾಯ್ದು ನದಿಯ ದಂಡೆಗೆ ಬರುವುದು ಎತ್ತಿನ ಗಾಡಿಯ ಕೆಲಸ.

ರೈಲಿಗಿಂತಲೂ ಹೆಚ್ಚಿನ ಉಪಕಾರ ಮಾಡಿದ್ದು ಅಂಚೆಯ ಒಂದು ಹೊಸ ಏರ್ಪಾಡು. 1877ರಲ್ಲಿ ಹಿಂದುಸ್ಥಾನದ ಅಂಚೆ ಇಲಾಖೆ ವಿ.ಪಿ. ಪದ್ಧತಿಯನ್ನು ತಂದಿತು. ಮಾಲು ಮೊದಲು ಬರುತ್ತದೆ. ಹಣವನ್ನು ಅಂಚೆಯವನ ಕೈಗೆ ಕೊಟ್ಟು ಕಟ್ಟು ಬಿಡಿಸಿಕೊಳ್ಳಬೇಕು. ಆ ಹಣವನ್ನು ಇಲಾಖೆಯೇ ವ್ಯಾಪಾರಿಗೆ ಮುಟ್ಟಿಸುತ್ತದೆ. ಮೇಲುನೋಟಕ್ಕೆ ಇದು ಸಣ್ಣ ಸೌಕರ್ಯ. ಆದರೆ ವ್ಯಾಪಾರದ ಚರಿತ್ರೆಯಲ್ಲಿ ಇದೊಂದು ದೊಡ್ಡ ತಿರುವೆಂದು ನಾನು ಎಣಿಸುತ್ತೇನೆ. ಮುಖ ಕಾಣದ ಇಬ್ಬರು ಒಬ್ಬರನ್ನೊಬ್ಬರು ನಂಬಿ ವ್ಯವಹರಿಸಲು ನಡುವೆ ಒಬ್ಬ ಜಾಮೀನುದಾರ ಬೇಕಾಗಿದ್ದ. ಆ ಜಾಮೀನನ್ನು ಅಂಚೆಯಣ್ಣ ಕೊಟ್ಟ. ಕಲಕತ್ತೆಯ ಕೇಶತೈಲ ಸುರಪುರದ ತಾಲ್ಲೂಕಿಗೆ ಬರುವುದಕ್ಕೆ ಅಲ್ಲೊಂದು ಅಂಗಡಿ ಇರಬೇಕಾದ ಅಗತ್ಯವೇ ತಪ್ಪಿತು. ವ್ಯಾಪಾರಿಗೆ ಬೇಕಾದದ್ದು ಪತ್ರಿಕೆಯ ಎರಡು ಅಂಗುಲ ಜಾಗ ಮಾತ್ರ. ಆಗಿನ ಜಾಹೀರಾತುಗಳ ಕೊನೆಯ ಸಾಲು ವಿ.ಪಿ. ಖರ್ಚು ಬೇರೆ ಎಂದು ಮುಗಿಯುತ್ತಿದ್ದುದರ ಹಿಂದೆ ಇರುವುದು ಈ ಕಥೆ.

ಯಾವ ಪತ್ರಿಕೆಗಳು ಈ ಸೀಮೆಗೆ ಬರುತ್ತಿದ್ದವು? ಹೈದರಾಬಾದಿನ ಕಡೆಯಿಂದ ಮುಷೀರ್-ಎ-ದಖ್ಖನ್, ಮುಂದೆ ರಹಬರ್-ಎ-ದಖ್ಖನ್ ಮೊದಲಾದ ಉರ್ದು ಪತ್ರಿಕೆಗಳು ಅಧಿಕಾರಿಗಳ, ವಕೀಲರ ಮನೆಗಳಿಗೆ ಸಲ್ಲುತ್ತಿದ್ದವು. ಕನ್ನಡದ್ದೆಂದರೆ ಗಡಿಯಾಚೆಯದು. ಧಾರವಾಡದಿಂದ 1921ರಲ್ಲಿ ಹೊರಟ ಕರ್ಮವೀರ, ಮುಂದೆ ಹುಬ್ಬಳ್ಳಿಯಿಂದ ಹೊರಟ ಸಂಯುಕ್ತ ಕರ್ನಾಟಕ, ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ಶಿವಾನುಭವ, ಇವೆಲ್ಲ ಮುಂಬಯಿ ಕರ್ನಾಟಕದ ಬೆಳೆ. ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗಿಗೆ 1926ರಲ್ಲಿ ಸುರವರಂ ಪ್ರತಾಪರೆಡ್ಡಿಯವರ ಗೋಲ್ಕೊಂಡ ಪತ್ರಿಕೆ ದೊರೆಯಿತು. ಕನ್ನಡಕ್ಕೆ ಅಂಥ ಭಾಗ್ಯ ಆ ಕಾಲದಲ್ಲಿ ಇರಲಿಲ್ಲ. ಓದಬಲ್ಲವರಾದರೂ ಎಷ್ಟು ಮಂದಿ? 1901ರ ಜನಗಣತಿಯ ಹೊತ್ತಿಗೆ ಇಡೀ ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐದಕ್ಕಿಂತ ಕಡಿಮೆ. ಹೆಂಗಸರಲ್ಲಿ ಸಾವಿರಕ್ಕೆ ಬೆರಳೆಣಿಕೆಯಷ್ಟು.

ಹಾಗಾದರೆ ಜಾಹೀರಾತು ಯಾರಿಗಾಗಿ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ನಾವು ಇಂದಿನ ಓದಿನ ಕಲ್ಪನೆಯನ್ನು ಬದಿಗಿಡಬೇಕು. ಆಗ ಪತ್ರಿಕೆಯನ್ನು ಒಬ್ಬ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಕುಲಕರ್ಣಿಯ ಪಡಸಾಲೆ, ಗುಡಿಯ ಕಟ್ಟೆ, ಮಠದ ಜಗಲಿ, ಕಿರಾಣಿ ಅಂಗಡಿಯ ಮುಂಗಟ್ಟು ಇವೇ ವಾಚನಾಲಯಗಳು. ಓದುವವನು ಅಗ್ರಲೇಖನವನ್ನು ಬಿಟ್ಟರೂ ಬಿಟ್ಟಾನು, ಜಾಹೀರಾತನ್ನು ಬಿಡುತ್ತಿರಲಿಲ್ಲ, ಕೇಳುವವರು ಬಿಡಗೊಡುತ್ತಿರಲಿಲ್ಲ. ಓದಿ ಮುಗಿದ ಪತ್ರಿಕೆ ಮತ್ತೆ ಕಿರಾಣಿ ಅಂಗಡಿಯ ಪೊಟ್ಟಣವಾಗಿ ಮನೆಮನೆಗೆ ಹೋಗುತ್ತಿತ್ತು. ಅರಿಸಿನವನ್ನು ಡಬ್ಬಿಗೆ ಸುರಿದುಕೊಂಡ ಮೇಲೆ ಉಳಿದ ಕಾಗದದ ಚಿತ್ರವನ್ನು ಅಕ್ಷರ ಬಾರದ ಹೆಣ್ಣುಮಗಳೂ ನೋಡುತ್ತಿದ್ದಳು.

ಇನ್ನು ಹಣದ ಮಾತು. ನಿಜಾಮರ ಸಂಸ್ಥಾನದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಪತ್ರಿಕೆಯಲ್ಲಿ ಬರೆದಿರುತ್ತಿದ್ದುದು ಇಂಗ್ಲಿಷರ ಕಲ್ದಾರ್ ರೂಪಾಯಿಯ ಬೆಲೆ. ನೂರು ಕಲ್ದಾರಿಗೆ ಹಾಲಿ 116 ರೂಪಾಯಿ 10 ಆಣೆ 8 ಪೈ ಎಂಬುದು ಸರ್ಕಾರ ಗೊತ್ತುಪಡಿಸಿದ ದರ. ಅಂದರೆ ಆರು ಕಲ್ದಾರಿಗೆ ಏಳು ಹಾಲಿ. ಇದಲ್ಲದೆ ಗಡಿಯಲ್ಲಿ ಕರೋಡಗಿರಿಯ ನಾಕೆಗಳು. 1802ರ ವ್ಯಾಪಾರದ ಒಪ್ಪಂದದ ಪ್ರಕಾರ ಸಂಸ್ಥಾನದ ಒಳಕ್ಕೆ ಬರುವ ಸರಕಿನ ಮೇಲೆ ನೂರಕ್ಕೆ ಐದರಂತೆ ಸುಂಕ. ಹೀಗಾಗಿ ಮುದ್ದೇಬಿಹಾಳದ ಪೇಟೆಯಲ್ಲಿ ಕೊಂಡ ಒಂದು ಸಾಬೂನಿನ ಬಿಲ್ಲೆ ಕೆಲವೇ ಹರದಾರಿ ನಡೆದು ನಾರಾಯಣಪುರಕ್ಕೆ ಬರುವಷ್ಟರಲ್ಲಿ ಬೇರೆ ಬೆಲೆಯ ವಸ್ತುವಾಗುತ್ತಿತ್ತು. ಪತ್ರಿಕೆಯ ಬೆಲೆಯನ್ನು ಮನಸ್ಸಿನಲ್ಲೇ ಹಾಲಿಗೆ ತಿರುಗಿಸಿ, ಸುಂಕ ಕೂಡಿಸಿ, ವಿ.ಪಿ. ಖರ್ಚು ಸೇರಿಸಿ ಕೊಳ್ಳಬೇಕೋ ಬಿಡಬೇಕೋ ಎಂದು ತೂಗುತ್ತಿದ್ದ ಆ ಹಳ್ಳಿಗನ ಗಣಿತಕ್ಕೆ ನಾವು ತಲೆದೂಗಬೇಕು.

ಮಾಲುಗಳಲ್ಲಿ ಮೊದಲ ಪಂಕ್ತಿ ಮದ್ದಿನದು. ಮುಂಬಯಿಯಲ್ಲಿ ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಆರಂಭಿಸಿದ ಅಮೃತಾಂಜನದ ಹಳದಿ ಮುಲಾಮನ್ನು ಅರಿಯದ ಮನೆ ದಕ್ಷಿಣದಲ್ಲಿ ವಿರಳ. ಸಂಗೀತ ಕಚೇರಿಗಳಲ್ಲಿ ಅದನ್ನು ಪುಕ್ಕಟೆ ಹಂಚಿ ಅವರು ಅದರ ಹೆಸರನ್ನು ಹಬ್ಬಿಸಿದರು. ಆ ಮುಲಾಮಿನ ಲಾಭದಿಂದ ಅವರು ಮಾಡಿದ್ದೇನು? 1908ರಲ್ಲಿ ಆಂಧ್ರಪತ್ರಿಕೆಯನ್ನು ವಾರಪತ್ರಿಕೆಯಾಗಿ ಹೊರಡಿಸಿದರು. 1914ರಲ್ಲಿ ಅದು ಮದರಾಸಿನಿಂದ ದಿನಪತ್ರಿಕೆಯಾಯಿತು. 1924ರಲ್ಲಿ ಭಾರತಿ ಎಂಬ ಸಾಹಿತ್ಯ ಮಾಸಪತ್ರಿಕೆಯೂ ಬಂತು. ಪತ್ರಿಕೆ ಮುಲಾಮನ್ನು ಬೆಳೆಸುವುದು ಲೋಕರೂಢಿ. ಇಲ್ಲಿ ಮುಲಾಮೇ ಪತ್ರಿಕೆಯನ್ನು ಬೆಳೆಸಿತು. ತೆಲುಗರ ರಾಷ್ಟ್ರೀಯ ಜಾಗೃತಿಯ ಒಂದು ಪಾಲು ತಲೆನೋವಿನ ಕಾಣಿಕೆಯೆಂದರೆ ಅತಿಶಯೋಕ್ತಿಯಾಗದು.

ಹೈದರಾಬಾದಿನಲ್ಲೇ 1920ರಲ್ಲಿ ಹಕೀಮ್ ಮಹಮ್ಮದ್ ಮೊಯಿಜುದ್ದೀನ್ ಫಾರೂಕಿಯವರು ಜಿಂದಾ ತಿಲಿಸ್ಮಾತ್ ಎಂಬ ಯುನಾನಿ ಔಷಧವನ್ನು ತಯಾರಿಸಿದರು. ನೀಲಗಿರಿ ಎಣ್ಣೆ, ಕರ್ಪೂರ ಮೊದಲಾದುವನ್ನು ಬೆರೆಸಿದ ಕೆಂಪು ದ್ರವ. ಅದರ ಡಬ್ಬಿಯ ಮೇಲಿನ ಗುರುತು ಆಫ್ರಿಕದ ಒಬ್ಬ ಯೋಧ. ನಿಜಾಮರ ಸೈನ್ಯದಲ್ಲಿ ಹಬಶಿಗಳ ಕುದುರೆ ಪಡೆಯೊಂದು ಇದ್ದುದನ್ನು ಇಲ್ಲಿ ನೆನೆಯಬೇಕು. ನೆಗಡಿಗೂ ಹೊಟ್ಟೆನೋವಿಗೂ ಅದೇ ನಾಲ್ಕು ತೊಟ್ಟು. ಆ ಚಿತ್ರವನ್ನು ತೋರಿಸಿದರೆ ಸಾಕು, ಉರ್ದುವೂ ಬೇಡ, ಕನ್ನಡವೂ ಬೇಡ. ಹೈದರಾಬಾದ್ ಕರ್ನಾಟಕದ ಯಾವ ಸಂತೆಯಲ್ಲಾದರೂ ಶೀಶೆ ಕೈಗೆ ಬರುತ್ತಿತ್ತು.

ಈ ಗುರುತಿನ ಸಂಗತಿ ಬಹಳ ಮುಖ್ಯವಾದದ್ದು. ಅಕ್ಷರ ಬಾರದ ಊರಿನಲ್ಲಿ ಛಾಪೇ ಅಕ್ಷರ. ಮ್ಯಾಂಚೆಸ್ಟರಿನಿಂದ ಬಂದ ಬಟ್ಟೆಯ ತಾನಿನ ಮೇಲೆ ಬಣ್ಣಬಣ್ಣದ ದೇವರ ಚಿತ್ರದ ಚೀಟಿ; ಸ್ವೀಡನ್ನಿನ ಬೆಂಕಿಪೆಟ್ಟಿಗೆಯ ಮೇಲೆ ನಮ್ಮ ಪುರಾಣದ ದೃಶ್ಯ; ಸೀಮೆಎಣ್ಣೆಯ ಡಬ್ಬದ ಮೇಲೆ ಪ್ರಾಣಿಯ ಚಿತ್ರ. ಜನ ಕೇಳುತ್ತಿದ್ದುದು ಕಂಪನಿಯ ಹೆಸರನ್ನಲ್ಲ. ಕುದುರೆ ಛಾಪು ಕೊಡಿ, ಆನೆ ಛಾಪು ಕೊಡಿ ಎಂದು. ಹೀಗಿರಲಾಗಿ ಚಿತ್ರವನ್ನು ಕದ್ದವನು ಗಿರಾಕಿಯನ್ನೇ ಕದ್ದಂತೆ. ನಮ್ಮ ದೇಶದಲ್ಲಿ ವ್ಯಾಪಾರದ ಗುರುತುಗಳನ್ನು ನೋಂದಾಯಿಸುವ ಕಾನೂನು ಬಂದದ್ದು 1940ರಲ್ಲಿ. ಅದಕ್ಕೆ ಮುಂಚೆ 1889ರ ಒಂದು ಕಾಯದೆ ಸುಳ್ಳು ಗುರುತಿನವರನ್ನು ಶಿಕ್ಷಿಸುತ್ತಿತ್ತಾದರೂ ಗುರುತಿನ ಒಡೆತನವನ್ನು ಬರೆದಿಡುವ ದಫ್ತರ ಇರಲಿಲ್ಲ. ಹಳೆಯ ಜಾಹೀರಾತುಗಳಲ್ಲಿ ಅರ್ಧ ಭಾಗ ಮಾಲಿನ ಹೊಗಳಿಕೆಯಾದರೆ ಇನ್ನರ್ಧ ನಕಲಿಗಳಿಂದ ಎಚ್ಚರಿಕೆ ಎಂಬ ಕೂಗು. ನಮ್ಮ ಸಹಿ ನೋಡಿ, ನಮ್ಮ ಭಾವಚಿತ್ರ ನೋಡಿ, ನಮ್ಮ ಮುದ್ರೆ ನೋಡಿ ಎಂಬ ಆ ಅಂಗಲಾಚಿಕೆ ಬರಿಯ ಅಲಂಕಾರವಲ್ಲ. ಕಾನೂನು ಇಲ್ಲದ ಕಡೆ ವ್ಯಾಪಾರಿ ಪತ್ರಿಕೆಯನ್ನೇ ದಫ್ತರವಾಗಿ ಬಳಸಿಕೊಳ್ಳುತ್ತಿದ್ದ.

ಮುಂದಿನ ಪಂಕ್ತಿ ಸಾಬೂನಿನದು. ಸೀಗೆ, ಅಂಟುವಾಳ, ಕಡಲೆಹಿಟ್ಟು ಇರುವ ನಾಡಿನಲ್ಲಿ ಸಾಬೂನನ್ನು ಮಾರುವುದು ಸುಲಭವೆ? ಅದರಲ್ಲಿ ಪ್ರಾಣಿಯ ಕೊಬ್ಬು ಇರುವುದೆಂಬ ಶಂಕೆಯಿಂದ ಮಡಿವಂತರೂ ಶರಣರ ಮನೆಯವರೂ ಅದನ್ನು ಮುಟ್ಟಲು ಹಿಂಜರಿಯುತ್ತಿದ್ದರು. ಗೋದ್ರೆಜ್ ಸಂಸ್ಥೆಯವರು 1918ರ ಸುಮಾರಿಗೆ ಸಸ್ಯದ ಎಣ್ಣೆಯಿಂದಲೇ ಸಾಬೂನು ಮಾಡಿ, ಆ ಮಾತನ್ನೇ ಮುಂದಿಟ್ಟು ಪ್ರಚಾರ ಮಾಡಿದರು. ಅದನ್ನು ಮೆಚ್ಚಿ ಮಾತಾಡಿದವರಲ್ಲಿ ರವೀಂದ್ರನಾಥ ಠಾಕೂರರೂ ಇದ್ದರು. 1905ರ ವಂಗಭಂಗದ ಚಳವಳಿಯ ನಂತರ ಸ್ವದೇಶೀ ಎಂಬ ಒಂದು ಶಬ್ದವೇ ಅರ್ಧ ಜಾಹೀರಾತಾಗಿತ್ತು. ಶುದ್ಧಿಯ ಮಾತು ಮತ್ತು ದೇಶದ ಮಾತು ಎರಡೂ ಒಂದೇ ಬಿಲ್ಲೆಯಲ್ಲಿ ಕೂಡಿಬಂದವು.

ನಮ್ಮ ಮೈಸೂರಿನ ಶ್ರೀಗಂಧದ ಕಥೆಯೂ ಇದೇ ಕಾಲದ್ದು. 1914ರಲ್ಲಿ ಯೂರೋಪಿನ ಯುದ್ಧ ಹತ್ತಿಕೊಂಡೊಡನೆ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತು ಸರ್ಕಾರದ ಉಗ್ರಾಣಗಳಲ್ಲಿ ರಾಶಿ ಬಿತ್ತು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಡ್‌ಬರೊ, ವಾಟ್ಸನ್ ಎಂಬ ವಿದ್ವಾಂಸರು ಎಣ್ಣೆ ತೆಗೆಯುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಎಣ್ಣೆಯ ಕಾರ್ಖಾನೆಗಳು ಆರಂಭವಾದವು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆ ಕಲಿತುಬಂದು ಮೈಸೂರು ಸ್ಯಾಂಡಲ್ ಸಾಬೂನನ್ನು ರೂಪಿಸಿದರು. ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಆನೆಯ ಮುಖ ಸಿಂಹದ ಮೈಯ ಶರಭದ ಗುರುತು. ಆಗಿನ ಸಂಸ್ಥಾನಗಳಲ್ಲಿ ಒಂದು ಸರ್ಕಾರವೇ ಬೀದಿಗಿಳಿದು ಅಂಗಡಿಯವನಂತೆ ತನ್ನ ಮಾಲಿನ ಗುಣವನ್ನು ಸಾರಿದ ಈ ದೃಷ್ಟಾಂತ ಗಮನಾರ್ಹವಾದದ್ದು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿ ಇದನ್ನು ಪ್ರಚಾರ ಮಾಡಿದರೆಂದು ಹೇಳುತ್ತಾರೆ.

ಜನಕ್ಕೆ ಬೇಕಾದ ವಸ್ತುವನ್ನು ಹೊಗಳುವುದು ಒಂದು. ಬೇಡವಾದದ್ದನ್ನು ಬೇಕೆನ್ನಿಸುವುದು ಇನ್ನೊಂದು. ನಂಜನಗೂಡಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಂದ ಬಂದ ಗುಲಾಬಿ ಬಣ್ಣದ ಹಲ್ಲುಪುಡಿಗೆ ಆಧಾರ ಭತ್ತದ ಹೊಟ್ಟಿನ ಬೂದಿ. ಹಳ್ಳಿಯವನು ಇದ್ದಲಿನಿಂದಲೋ ಬೂದಿಯಿಂದಲೋ ಹಲ್ಲುಜ್ಜುತ್ತಲೇ ಇದ್ದ. ಆ ಬೂದಿಗೇ ಸಂಸ್ಕಾರ ಕೊಟ್ಟು ಪೊಟ್ಟಣ ಕಟ್ಟಿದ್ದರಿಂದ ಅದು ಅವನಿಗೆ ಪರಕೀಯವೆನ್ನಿಸಲಿಲ್ಲ. ಚಹದ ಮಾತು ಹಾಗಲ್ಲ. ಅದು ನಮ್ಮ ನಾಲಗೆ ಕೇಳದಿದ್ದ ವಸ್ತು. 1903ರಲ್ಲಿ ಚಹದ ಮೇಲೆ ಸೆಸ್ ಹಾಕುವ ಕಾನೂನು ಬಂದು, ಆ ಹಣ ಪ್ರಚಾರಕ್ಕೆ ಮೀಸಲಾಯಿತು. ರೈಲು ನಿಲ್ದಾಣಗಳಲ್ಲಿ ಚಹ ಮಾಡುವ ವಿಧಾನವನ್ನು ದೇಶಭಾಷೆಗಳಲ್ಲಿ ಬರೆದ ಹಲಗೆಗಳನ್ನು ತೂಗುಹಾಕಿದರು. ಸಂತೆ ಪೇಟೆಗಳಲ್ಲಿ ಪುಕ್ಕಟೆ ಕುಡಿಸಿದರು. ಮಜ್ಜಿಗೆ ಕೊಟ್ಟು ಉಪಚರಿಸುತ್ತಿದ್ದ ನಾಡು ಒಂದೆರಡು ತಲೆಮಾರಿನಲ್ಲಿ ಚಹ ಕೊಡದಿದ್ದರೆ ಮರ್ಯಾದೆಗೇಡೆಂದು ತಿಳಿಯುವಂತಾಯಿತು. ಇಷ್ಟು ದೊಡ್ಡ ಪರಿವರ್ತನೆಯನ್ನು ಎಷ್ಟು ರಾಜರು ಮಾಡಿದ್ದಾರೆ?

ಸಾಹಿತ್ಯಾಸಕ್ತರಾದ ನಿಮಗೆ ಒಂದು ಸಂಗತಿ ಹೇಳಬೇಕು. ಕಲಕತ್ತೆಯ ಎಚ್. ಬೋಸ್ ಎಂಬ ವರ್ತಕರು ಕುಂತಲೀನ್ ಎಂಬ ತಲೆಯ ಎಣ್ಣೆಯನ್ನು ಮಾರುತ್ತಿದ್ದರು. 1896ರಲ್ಲಿ ಅವರು ಸಣ್ಣಕಥೆಗಳಿಗೆ ಬಹುಮಾನವಿಟ್ಟರು. ಕಥೆಯಲ್ಲಿ ತಮ್ಮ ಎಣ್ಣೆಯ ಹೆಸರು ಹೇಗಾದರೂ ಬರಬೇಕೆಂಬುದೇ ಕರಾರು. ಮೊದಲ ಬಹುಮಾನ ಪಡೆದವರು ವಿಜ್ಞಾನಿ ಜಗದೀಶಚಂದ್ರ ಬೋಸರು. ಅವರ ಕಥೆಯಲ್ಲಿ ಎಣ್ಣೆಯ ಶೀಶೆ ಚಂಡಮಾರುತವನ್ನೇ ಅಡಗಿಸುತ್ತದೆ. 1903ರಲ್ಲಿ ಅದೇ ಬಹುಮಾನ ಪಡೆದ ಕಥೆಯ ನಿಜವಾದ ಕರ್ತೃ ಶರಚ್ಚಂದ್ರ ಚಟ್ಟೋಪಾಧ್ಯಾಯರು. ಕಥೆಯನ್ನು ಕಳಿಸಿದ್ದು ಬಂಧುವೊಬ್ಬರ ಹೆಸರಿನಲ್ಲಿ. ಭಾರತದ ಮೊದಲ ವೈಜ್ಞಾನಿಕ ಕಥೆಗಳಲ್ಲೊಂದೂ ಮಹಾ ಕಾದಂಬರಿಕಾರನೊಬ್ಬನ ಮೊದಲ ಅಚ್ಚಾದ ಕಥೆಯೂ ಕೇಶತೈಲದ ಆಶ್ರಯದಲ್ಲಿ ಬೆಳಕು ಕಂಡವೆಂದರೆ, ಅಂಗಡಿಗೂ ಸರಸ್ವತಿಗೂ ಇರುವ ನಂಟನ್ನು ನಾವು ಅಲ್ಲಗಳೆಯಲಾರೆವು.

ಇಷ್ಟು ಹೇಳಿದ ಮೇಲೆ ಕತ್ತಲೆಯ ಕಡೆಯನ್ನೂ ಹೇಳದಿದ್ದರೆ ನ್ಯಾಯವಾಗದು. ಒಂದು ಚಿಕ್ಕ ಕಥೆ ನಮ್ಮ ಮನೆಯದೇ. ನನ್ನ ಅಜ್ಜನಿಗೆ ಒಬ್ಬಳು ತಂಗಿ ಇದ್ದಳು. 1930ರ ಆಸುಪಾಸಿನಲ್ಲಿ, ಹದಿನೆಂಟರ ಹರೆಯದಲ್ಲಿ, ಆಕೆಗೆ ಕ್ಷಯ ಹತ್ತಿತು. ದೂರದ ನಗರದ ಯಾವನೋ ಔಷಧದ ವ್ಯಾಪಾರಿ ಕ್ಷಯವನ್ನು ನಲವತ್ತು ದಿನಗಳಲ್ಲಿ ನಿರ್ಮೂಲ ಮಾಡುವುದಾಗಿ ಪತ್ರಿಕೆಯಲ್ಲಿ ಪ್ರಕಟಿಸಿದ್ದ; ಗುಣ ಹೊಂದಿದವರ ಪತ್ರಗಳನ್ನೂ ಅಚ್ಚು ಹಾಕಿಸಿದ್ದ. ಮೂರು ಶೀಶೆಗೆ ಆರು ಕಲ್ದಾರ್. ಮನೆಯಲ್ಲಿ ನಗದು ಇರಲಿಲ್ಲ. ಆಕೆಯದೇ ಕಾಲಿನ ಬೆಳ್ಳಿಯನ್ನು ಮಾರಿ ಏಳು ಹಾಲಿ ರೂಪಾಯಿ ಹೊಂದಿಸಿ ವಿ.ಪಿ. ಬಿಡಿಸಿಕೊಂಡರು. ಎರಡನೆಯ ಶೀಶೆ ಮುಗಿಯುವ ಮೊದಲೇ ಆಕೆ ತೀರಿಕೊಂಡಳು. ಈ ಸಂಗತಿಯನ್ನು ನನಗೆ ಹೇಳಿದ ನಮ್ಮ ಅಜ್ಜಿ, ಔಷಧ ಸುಳ್ಳೆಂದು ಎಂದೂ ಹೇಳಲಿಲ್ಲ. ಮೂರನೆಯ ಶೀಶೆಯನ್ನು ಕುಡಿಸಲಾಗಲಿಲ್ಲವಲ್ಲ ಎಂಬುದೇ ಆಕೆಯ ಕೊನೆಯ ತನಕದ ಹಳಹಳಿ. ಅಚ್ಚಾದದ್ದು ಸುಳ್ಳಾಗಬಹುದೆಂಬ ಕಲ್ಪನೆಯೇ ಆ ತಲೆಮಾರಿಗೆ ಇರಲಿಲ್ಲ. 1944ರಲ್ಲಿ ಸ್ಟ್ರೆಪ್ಟೊಮೈಸಿನ್ ಬೆಳಕಿಗೆ ಬರುವ ತನಕ ಕ್ಷಯದ ಬೇರನ್ನು ಕೀಳುವ ಮದ್ದು ಜಗತ್ತಿನಲ್ಲೇ ಇರಲಿಲ್ಲ. ಆದ್ದರಿಂದ ಅದಕ್ಕೆ ಹಿಂದಿನ ಯಾವ ಪತ್ರಿಕೆಯಲ್ಲಿ ಇಂಥ ಆಶ್ವಾಸನೆ ಕಂಡರೂ ಅದು ಸುಳ್ಳೆಂದು ನಾವು ಕಣ್ಣುಮುಚ್ಚಿ ಹೇಳಬಹುದು.

ಈ ರೋಗ ನಮ್ಮ ದೇಶದ್ದು ಮಾತ್ರವಲ್ಲ. ಬ್ರಿಟಿಷ್ ವೈದ್ಯ ಸಂಘದವರು 1909ರಲ್ಲಿಯೂ 1912ರಲ್ಲಿಯೂ ಗುಪ್ತ ಔಷಧಗಳನ್ನು ಕುರಿತು ಎರಡು ಪುಸ್ತಕಗಳನ್ನು ಪ್ರಕಟಿಸಿ, ಹೆಸರಾಂತ ಗುಳಿಗೆಗಳನ್ನು ಪ್ರಯೋಗಶಾಲೆಯಲ್ಲಿ ಒಡೆದು ನೋಡಿದರು. ಜಗತ್ತಿನಾದ್ಯಂತ ಮಾರಾಟವಾಗುತ್ತಿದ್ದ ಬೀಚಮ್ ಗುಳಿಗೆಗಳಲ್ಲಿ ಅವರಿಗೆ ಕಂಡದ್ದು ಲೋಳೆಸರದ ಸತ್ತ್ವ, ಶುಂಠಿ, ಸಾಬೂನು. ಒಂದು ಷಿಲ್ಲಿಂಗಿಗೂ ಮಿಕ್ಕ ಬೆಲೆಯ ಡಬ್ಬಿಯೊಳಗಿನ ಪದಾರ್ಥದ ಬೆಲೆ ಅರ್ಧ ಫಾರ್ದಿಂಗ್. ಇಂಥ ಜಾಹೀರಾತುಗಳ ಹಣದಿಂದಲೇ ಬದುಕುತ್ತಿದ್ದ ಪತ್ರಿಕೆಗಳು ಆ ಬಗ್ಗೆ ಬಾಯಿ ಬಿಡುವುದು ಹೇಗೆ? ದೊರೆಯ ಸೆನ್ಸಾರಿಗೆ ಅಂಜದ ಸಂಪಾದಕನೂ ಗುಳಿಗೆಯ ಯಜಮಾನನ ಮುಂದೆ ಸುಮ್ಮನಿರಬೇಕಾಗುತ್ತಿತ್ತು. ಗಾಂಧೀಜಿಯವರು ಯಂಗ್ ಇಂಡಿಯಾ, ನವಜೀವನ ಪತ್ರಿಕೆಗಳಲ್ಲಿ ಮೊದಲಿನಿಂದಲೂ ಜಾಹೀರಾತಿಗೆ ಎಡೆಗೊಡಲಿಲ್ಲವೆಂಬುದು ಪ್ರಸಿದ್ಧವಾಗಿದೆ. ಆದರೆ ಗಾಂಧೀಜಿಯವರ ಪತ್ರಿಕೆಗೆ ಇದ್ದ ಓದುಗರ ಬಲ ನಮ್ಮ ತಾಲ್ಲೂಕಿನ ವಾರಪತ್ರಿಕೆಗೆ ಎಲ್ಲಿತ್ತು? ಚಂದಾ ಹಣ ಬಾರದ ತಿಂಗಳು ಮೊಳೆ ಜೋಡಿಸುವವನ ಸಂಬಳವನ್ನು ಕೇಶತೈಲವೇ ಕೊಡಬೇಕಾಗಿತ್ತು. ಸ್ವತಂತ್ರ ಭಾರತ 1954ರಲ್ಲಿ ಔಷಧಗಳ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯದೆಯನ್ನು ಮಾಡಿತು. ಅದರ ಪಟ್ಟಿಯಲ್ಲಿ ಹೆಸರಿಸಿದ ರೋಗಗಳಲ್ಲಿ ಕ್ಷಯವೂ ಒಂದು.

ಜಾಹೀರಾತು ಏನನ್ನು ಹೇಳಿತೆಂಬುದರಷ್ಟೇ ಏನನ್ನು ಹೇಳಲಿಲ್ಲವೆಂಬುದೂ ವಿಚಾರಾರ್ಹ. ಹಳೆಯ ಪತ್ರಿಕೆಗಳ ಪುಟಪುಟ ತಿರುವಿದರೂ ಜೋಳದ ಜಾಹೀರಾತು ಕಾಣುವುದಿಲ್ಲ. ಕುರುಬರ ಕಂಬಳಿ, ಕುಂಬಾರರ ಗಡಿಗೆ, ಸಮಗಾರರ ಕೆರವು, ಗಾಣಿಗರ ಎಣ್ಣೆ ಯಾವುದೂ ಕಾಣುವುದಿಲ್ಲ. ಏಕೆಂದರೆ ಇವುಗಳನ್ನು ಮಾಡಿದವನನ್ನು ಕೊಳ್ಳುವವನು ಬಲ್ಲ. ಕೆರವು ಕಿತ್ತರೆ ಸಮಗಾರನ ಮನೆಗೆ ಹೋಗಿ ಜಗಳ ಕಾಯಬಹುದು. ಮಾಡುವವನೂ ಕೊಳ್ಳುವವನೂ ಅಪರಿಚಿತರಾದಾಗ ಮಾತ್ರ ನಡುವಿನ ಜಾಗವನ್ನು ತುಂಬಲು ಅಚ್ಚಿನ ಮಾತು ಬೇಕಾಗುತ್ತದೆ. ಹೊಗಳುವವರಿಲ್ಲದ ಗಾಣದ ಎಣ್ಣೆಯ ದೀಪವನ್ನು ಛಾಪಿನ ಡಬ್ಬದ ಸೀಮೆಎಣ್ಣೆ ಆರಿಸಿತು. ಗಾಣಿಗ ಸೋತದ್ದು ಬೆಲೆಯಲ್ಲಿ ಮತ್ತು ಬೆಳಕಿನಲ್ಲಿ ಎಂಬುದು ನಿಜ. ಅವನ ಪರವಾಗಿ ಒಂದು ಸಾಲು ಅಚ್ಚಾಗಲಿಲ್ಲವೆಂಬುದೂ ನಿಜ.

ಹಾಗೆಂದು ಈ ಹಳೆಯ ಪ್ರಕಟಣೆಗಳನ್ನು ಬರಿಯ ಮೋಸವೆಂದು ತಳ್ಳಿಬಿಡಲು ನನ್ನ ಮನಸ್ಸು ಒಪ್ಪದು. ನಿಜಾಮರ ಆಡಳಿತದ ಭಾಷೆ ಉರ್ದು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಉರ್ದು. ತಹಶೀಲಿಗೆ ಹೋದ ಕನ್ನಡಿಗನಿಗೆ ತನ್ನದೇ ಅರ್ಜಿಯನ್ನು ಬೇರೆಯವರು ಬರೆದುಕೊಡಬೇಕು, ಬೇರೆಯವರು ಓದಿ ಹೇಳಬೇಕು. ಅಂಥ ಕನ್ನಡಿಗನನ್ನು ಕನ್ನಡದಲ್ಲೇ ಮಾತಾಡಿಸಲು ವ್ಯಾಪಾರಿಗೆ ಯಾವ ಸಂಕೋಚವೂ ಇರಲಿಲ್ಲ. ಸರ್ಕಾರಕ್ಕೆ ಕಂದಾಯ ಯಾವ ಭಾಷೆಯಲ್ಲಿ ಕೇಳಿದರೂ ಬರುತ್ತಿತ್ತು; ಅಂಗಡಿಯವನಿಗೆ ಹಾಗಲ್ಲ, ಗಿರಾಕಿಯ ಮನಸ್ಸು ಒಲಿಯಬೇಕು. ಆದುದರಿಂದ ಅವನು ಕನ್ನಡ ಬರೆಯಿಸಿದ. ಚಿಕ್ಕ ವಾಕ್ಯ, ನೇರವಾದ ಸಂಬೋಧನೆ, ದಿನಬಳಕೆಯ ಶಬ್ದ. ನಮ್ಮ ಪಂಡಿತರು ಗದ್ಯ ಹೇಗಿರಬೇಕೆಂದು ಚರ್ಚಿಸುತ್ತಿದ್ದ ಕಾಲಕ್ಕೆ ಹಲ್ಲುಪುಡಿ ಮಾರುವವನು ಅದನ್ನು ಬರೆದೇಬಿಟ್ಟಿದ್ದ. ಮಡಿಲ ಮಗುವಿನ ಹೊಟ್ಟೆನೋವು, ಹೆಂಗಸರ ನಡುನೋವು, ದುಡಿದವನ ಮೈಕೈನೋವು ಇವು ಕಾವ್ಯದಲ್ಲಿ ಬಾರದ ವಸ್ತುಗಳು, ಅಗ್ರಲೇಖನದಲ್ಲಂತೂ ಬರಲಿಲ್ಲ. ಜಾಹೀರಾತಿನಲ್ಲಿ ಬಂದವು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಕರೋಡಗಿರಿಯ ನಾಕೆಗಳು ಎದ್ದವು, ಹಾಲಿ ಸಿಕ್ಕಾ ಕ್ರಮೇಣ ಮಾಯವಾಯಿತು. 1956ರ ನವೆಂಬರ್ 1ರಂದು ಮುದ್ದೇಬಿಹಾಳವೂ ನಾರಾಯಣಪುರವೂ ಒಂದೇ ರಾಜ್ಯದ ಊರುಗಳಾದವು. ರಾಜ್ಯಗಳ ಗಡಿ ಅಳಿಸುವುದಕ್ಕೆ ಅಷ್ಟು ವರ್ಷ ಹಿಡಿಯಿತು. ಅಮೃತಾಂಜನದ ಡಬ್ಬಿಯೂ ಮೈಸೂರಿನ ಗಂಧದ ಬಿಲ್ಲೆಯೂ ಆ ಗಡಿಯನ್ನು ಅದಕ್ಕೆ ಎಷ್ಟೋ ಮುಂಚೆ ದಾಟಿದ್ದವು. ಕನ್ನಡ ನಾಡಿನ ಬೇರೆ ಬೇರೆ ತುಂಡುಗಳಲ್ಲಿ ಕುಳಿತ ಮನೆಗಳು ಒಂದೇ ಚಿತ್ರವನ್ನು ನೋಡಿ, ಒಂದೇ ವಸ್ತುವನ್ನು ಬಯಸಿದ್ದವು. ಏಕೀಕರಣದ ಚರಿತ್ರೆಯನ್ನು ಬರೆಯುವವರು ಈ ಮೌನವಾದ ಏಕೀಕರಣಕ್ಕೂ ಒಂದು ಪರಿಚ್ಛೇದವನ್ನು ಮೀಸಲಿಡಬಾರದೆ?

ಆದರೆ ಅಂಥ ಪರಿಚ್ಛೇದ ಬರೆಯುವುದಕ್ಕೆ ಆಧಾರಗಳು ಉಳಿಯಬೇಕಲ್ಲ. ಮಾಸಪತ್ರಿಕೆಗಳನ್ನು ರಟ್ಟು ಕಟ್ಟಿಸುವಾಗ ಹಿಂದುಮುಂದಿನ ಜಾಹೀರಾತಿನ ಹಾಳೆಗಳನ್ನು ಕಿತ್ತೆಸೆಯುವುದು ನಮ್ಮ ಗ್ರಂಥಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಲೇಖನಗಳು ಉಳಿದಿವೆ, ಲೇಖನಗಳಿಗೆ ಕಾಗದದ ಖರ್ಚು ಕೊಟ್ಟವರ ಗುರುತು ಅಳಿದುಹೋಗಿದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಪಂಚಾಂಗದ ಹಿಂದಿನ ಪುಟ, ಸೂಚೀಪತ್ರ, ವಿ.ಪಿ.ಯ ರಸೀದಿ, ಬಣ್ಣ ಮಾಸಿದ ತಗಡಿನ ಡಬ್ಬಿ ಇದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ. ಅದರಲ್ಲಿ ನಿಮ್ಮ ಹಿರಿಯರು ಯಾವುದಕ್ಕೆ ಹೆದರಿದ್ದರು, ಯಾವುದನ್ನು ಆಸೆಪಟ್ಟಿದ್ದರು, ಯಾರ ಮಾತನ್ನು ನಂಬಿ ಎಷ್ಟು ತೆತ್ತಿದ್ದರು ಎಂಬುದು ಬೆಲೆಯ ಸಮೇತ ಅಚ್ಚಾಗಿದೆ. ರಾಜರ ಶಾಸನಗಳಲ್ಲಿ ಈ ಲೆಕ್ಕ ದೊರೆಯುವುದಿಲ್ಲ.